ಬ್ಲ್ಯಾಕ್‌ಪೂಲ್‌ನಲ್ಲಿ ಮಾತ್ರ ಟ್ರಾಮ್ ಉಳಿದದ್ದು ಯಾಕೆ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಊರೂರೂ ಟ್ರಾಮ್ ಹಳಿ ಕಿತ್ತುಹಾಕಿದಾಗ ಕಡಲ ದಂಡೆಯ ಪ್ರವಾಸಿ ಊರು ಬ್ಲ್ಯಾಕ್‌ಪೂಲ್ ಮಾತ್ರ ಉಳಿಸಿಕೊಂಡಿತು. ಹಳೆಯದರ ಮೇಲಿನ ಪ್ರೀತಿಯಿಂದಲೇ ಅಲ್ವಾ?

ಅಲ್ಲ. ಅಲ್ಲಿ ಕಡಲ ದಂಡೆಗೆ ಪ್ರತಿವರ್ಷ ಮಾಡುವ ದೀಪಾಲಂಕಾರದ ಸೀಸನ್ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಟ್ರಾಮ್ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದವರು ಕೇಳುತ್ತಾರೆ. ಉತ್ತರವನ್ನೂ ಅವರೇ ಸೇರಿಸಿ ಕಳಿಸುತ್ತಾರೆ. ಈ ಸಲ ಬಿಡಿಸಿಯೇ ಹೇಳಿಬಿಡುತ್ತೇನೆ.

ಆ ಊರಿನ ಕಾರ್ಪೊರೇಶನ್‌ಗೆ ಟ್ರಾಮ್ ಮೇಲೆ ಅಂಥ ಮಮತೆ ಏನೂ ಇರಲಿಲ್ಲ. 1961ರಲ್ಲಿ ಲಿಥಮ್ ರೋಡ್ ಮಾರ್ಗ ಮುಚ್ಚಿತು. 1962ರಲ್ಲಿ ಮಾರ್ಟನ್ ಮಾರ್ಗ. 1963ರಲ್ಲಿ ನಾರ್ತ್ ಸ್ಟೇಷನ್‌ನ ಡಿಕ್ಸನ್ ರೋಡ್ ಮಾರ್ಗ. ಮೂರು ಕಡೆಯೂ ಬಸ್ ಬಂತು. ಮೂರೂ ಮುಚ್ಚಿದ್ದು ಅಕ್ಟೋಬರ್ ಕೊನೆಯಲ್ಲಿ, ಅಂದರೆ ಸೀಸನ್ನಿನ ಕಾಸು ಪೆಟ್ಟಿಗೆಗೆ ಬಿದ್ದ ಮೇಲೆ. ಪ್ರೀತಿ ಇದ್ದವರು ಇಷ್ಟು ಲೆಕ್ಕ ಹಾಕುತ್ತಾರಾ?

ಉಳಿದದ್ದು ಒಂದೇ, ಕಡಲ ದಂಡೆಯ ಮಾರ್ಗ. ದಕ್ಷಿಣ ತುದಿಯ ಸ್ಟಾರ್ ಗೇಟ್‌ನಿಂದ ಪಕ್ಕದ ಊರು ಫ್ಲೀಟ್‌ವುಡ್‌ವರೆಗೆ ಸುಮಾರು 18 ಕಿಲೋಮೀಟರ್. ಯಾಕೆ ಉಳಿಯಿತು ಅಂತ ತಿಳಿಯಬೇಕಾದರೆ ಗಾಡಿ ನೋಡಬೇಡಿ, ಹಳಿ ನೋಡಿ. ಮುಚ್ಚಿದ ಮಾರ್ಗಗಳಲ್ಲಿ ಹಳಿ ಇದ್ದದ್ದು ರಸ್ತೆಯ ನಡುವೆ. ಕಾರು, ಲಾರಿ ಜಾಸ್ತಿಯಾದ ಹಾಗೆ ಟ್ರಾಮ್ ಎಲ್ಲರಿಗೂ ಅಡ್ಡಿಯಾಯಿತು. ದಂಡೆಯಲ್ಲಿ ಬಹುಪಾಲು ಹಳಿಗೆ ಬೇರೆಯೇ ಜಾಗ ಇದೆ. ಫ್ಲೀಟ್‌ವುಡ್ ಕಡೆಯ ಹಳಿಯನ್ನು 1898ರಲ್ಲಿ ಖಾಸಗಿ ಕಂಪನಿಯೊಂದು ಹಾಕಿತ್ತು, ಹೆಚ್ಚಿನ ಕಡೆ ರಸ್ತೆಯಿಂದ ದೂರದಲ್ಲೇ. ಕಾರ್ಪೊರೇಶನ್ ಅದನ್ನು ಕೊಂಡದ್ದು 1920ರಲ್ಲಿ. ಫ್ಲೀಟ್‌ವುಡ್ ಪೇಟೆಯೊಳಗೆ ಮಾತ್ರ ಟ್ರಾಮ್ ಇವತ್ತಿಗೂ ರಸ್ತೆಯಲ್ಲೇ ಹೋಗುತ್ತದೆ.

ಇನ್ನೊಂದು ಕಾರಣ ಜನಜಂಗುಳಿ. 1933ರಲ್ಲಿ ಬಂದ ಸಾರಿಗೆ ಮ್ಯಾನೇಜರ್ ವಾಲ್ಟರ್ ಲಫ್ ಪಕ್ಕದ ಪ್ರೆಸ್ಟನ್‌ನಲ್ಲಿ ಹೊಸ ಗಾಡಿಗಳನ್ನು ಕಟ್ಟಿಸಿದರು. ಬಲೂನ್ ಎಂದು ಕರೆಯುವ ಎರಡು ಮಹಡಿಯ ಟ್ರಾಮ್‌ನಲ್ಲಿ 80ಕ್ಕೂ ಹೆಚ್ಚು ಜನ ಕೂರಬಹುದಿತ್ತು. ಆಗಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಅಷ್ಟು ಸೀಟು ಎಲ್ಲಿತ್ತು? ದೀಪ ನೋಡಲು ಬಂದವರನ್ನೆಲ್ಲ ಬಸ್ಸಿಗೇ ತುಂಬಬೇಕೆಂದರೆ ಇನ್ನಷ್ಟು ಬಸ್, ಇನ್ನಷ್ಟು ಡ್ರೈವರ್‌ಗಳು ಬೇಕು. ಅಷ್ಟೇ ಲೆಕ್ಕ.

ಇಷ್ಟಾದರೂ "ಅದು ಓಡುವ ಮ್ಯೂಸಿಯಂ" ಎನ್ನುವವರಿದ್ದಾರೆ. 2012ರಲ್ಲಿ ಫ್ಲೆಕ್ಸಿಟಿ ಎಂಬ ಹೊಸ ತಗ್ಗು ನೆಲದ ಗಾಡಿಗಳು ಬಂದವು. ಹಳೆಯವು ಬಹುತೇಕ ದಿನದ ಓಡಾಟದಿಂದ ಹೊರಬಿದ್ದವು. ತಮಾಷೆ ಏನೆಂದರೆ, 1963ರಲ್ಲಿ ಟ್ರಾಮ್ ಕಳೆದುಕೊಂಡ ನಾರ್ತ್ ಸ್ಟೇಷನ್‌ಗೆ 2024ರಲ್ಲಿ ಹೊಸ ಹಳಿ ಹಾಕಿ ಮತ್ತೆ ಟ್ರಾಮ್ ಓಡಿಸಬೇಕಾಯಿತು.

"ಜಗತ್ತಿನ ಮೊದಲ ಎಲೆಕ್ಟ್ರಿಕ್ ಟ್ರಾಮ್" ಎನ್ನುವುದೂ ಸುಮ್ನೆ ಹಬ್ಬಿದ ಮಾತು. ಬರ್ಲಿನ್ ಹತ್ತಿರದ ಲಿಖ್ಟರ್‌ಫೆಲ್ಡೆಯಲ್ಲಿ 1881ರಲ್ಲೇ ಓಡಿತ್ತು. ಬ್ಲ್ಯಾಕ್‌ಪೂಲ್‌ನದು ಶುರುವಾದದ್ದು 1885ರಲ್ಲಿ. ಆಗ ಮೇಲೆ ತಂತಿಯೂ ಇರಲಿಲ್ಲ. ಹಳಿಗಳ ನಡುವಿನ ಸೀಳಿನ ಕೆಳಗೆ ಕರೆಂಟ್ ಹರಿಯುತ್ತಿತ್ತು. ಆ ಸೀಳಿಗೆ ಮರಳು ಹೋಗುತ್ತಿತ್ತು, ಉಪ್ಪುನೀರು ಹೋಗುತ್ತಿತ್ತು, ಕರೆಂಟ್ ಸೋರುತ್ತಿತ್ತು. ಕಡಲ ಪಕ್ಕ ನೆಲದೊಳಗೆ ಕರೆಂಟ್ ಇಟ್ಟರೆ ಇನ್ನೇನಾಗುತ್ತದೆ? 1899ರಲ್ಲಿ ಮೇಲೆ ತಂತಿ ಎಳೆದರು.

ಕಂಡಕ್ಟರ್ ಬಗ್ಗೆ ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. 1970ರ ದಶಕದಲ್ಲಿ ಖರ್ಚು ಉಳಿಸಲು 13 ಹಳೆಯ ಟ್ರಾಮ್‌ಗಳನ್ನು ಡ್ರೈವರ್ ಒಬ್ಬನೇ ನಡೆಸುವಂತೆ ಬದಲಾಯಿಸಿದ್ದರು. ಹತ್ತುವವರೆಲ್ಲ ಮುಂಬಾಗಿಲಲ್ಲೇ ದುಡ್ಡು ಕೊಡಬೇಕಿತ್ತು. ಈಗಿನ ಫ್ಲೆಕ್ಸಿಟಿಗೆ ಎರಡೂ ಬದಿಯಲ್ಲಿ ಬಾಗಿಲುಗಳಿವೆ, ಡ್ರೈವರ್ ಕೋಣೆ ಬೇರೆ. ಹಾಗಾಗಿ ಕಂಡಕ್ಟರ್ ಇದ್ದಾರೆ. ಹತ್ತಿದ ಕೂಡಲೇ ಟಿಕೆಟ್‌ಗೆ ಡ್ರೈವರ್‌ನನ್ನು ಹುಡುಕಬೇಡಿ. ಕೂತಲ್ಲಿಗೇ ಬಂದು ಕೊಡುತ್ತಾರೆ.