ಹಳೇ ಕಂಪ್ಯೂಟರ್ ರೂಟರ್ ಆಗುವಾಗ: ಎರಡೂ ಕಡೆ 192.168.1 ಬಂದರೆ

ಮನೆಯ ಇಂಟರ್ನೆಟ್ ಹಂಚುವ ರೂಟರ್ ಮಾಡೋಕೆ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಹಾಕಿದ ಹಳೇ ಡೆಸ್ಕ್‌ಟಾಪ್ ಸಾಕು, 1 ಜಿಬಿ ರ‍್ಯಾಮ್ ಇದ್ದರೆ ಧಾರಾಳ. ಎರಡು ನೆಟ್‌ವರ್ಕ್ ಕಾರ್ಡ್ ಮಾತ್ರ ಬೇಕೇ ಬೇಕು. ಒಂದು ಬೋರ್ಡಿನಲ್ಲೇ ಇರುತ್ತೆ, ಇನ್ನೊಂದನ್ನು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಾಕಿ. ಅದಕ್ಕೂ ಹಿಂದಿನ ಸಾದಾ ಪಿಸಿಐ ಸ್ಲಾಟಿನಲ್ಲಿ ಎಲ್ಲ ಕಾರ್ಡೂ ಸೇರಿ ಸೆಕೆಂಡಿಗೆ 133 ಮೆಗಾಬೈಟ್ ಮೇಲೆ ಹೋಗಲ್ಲ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್; 8 ಬಿಟ್ ಸೇರಿದರೆ 1 ಬೈಟ್) ಕನೆಕ್ಷನ್ನಿಗೆ ನಡೆಯುತ್ತೆ, ಗಿಗಾಬಿಟ್ಟಿಗೆ ಇಲ್ಲ.

ಯಾವ ಕಾರ್ಡು ಯಾವ ಹೆಸರಿನದು ಅಂತ ಊಹೆ ಮಾಡಬೇಡಿ. ಒಂದು ಕೇಬಲ್ ಕಿತ್ತು ‘ಐಪಿ ಲಿಂಕ್’ ಕಮಾಂಡ್ ಕೊಡಿ, ‘ನೋ ಕ್ಯಾರಿಯರ್’ ಅಂತ ಬಂದದ್ದೇ ಅದು. ಪೋರ್ಟಿನ ಪಕ್ಕ ವ್ಯಾನ್ (ಇಂಟರ್ನೆಟ್ ಕಡೆ), ಲ್ಯಾನ್ (ಮನೆ ಕಡೆ) ಅಂತ ಚೀಟಿ ಅಂಟಿಸಿ.

ಆಮೇಲಿನ ಕೆಲಸ ಚಿಕ್ಕದು. ವ್ಯಾನ್ ಕಾರ್ಡು ಮೋಡೆಮ್‌ನಿಂದ ಡಿಎಚ್‌ಸಿಪಿಯಲ್ಲಿ (ಅಡ್ರೆಸ್ ತಾನಾಗೇ ಹಂಚುವ ವ್ಯವಸ್ಥೆ) ಅಡ್ರೆಸ್ ತಗೊಳ್ಳುತ್ತೆ, ಲ್ಯಾನ್ ಕಾರ್ಡಿಗೆ ನಾವೇ ಕೊಡಬೇಕು. ಕರ್ನಲ್‌ನ (ಲಿನಕ್ಸಿನ ತಿರುಳು) ಐಪಿ ಫಾರ್ವರ್ಡ್, ಅಂದರೆ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ದಾಟಿಸುವ ಸೆಟ್ಟಿಂಗ್, 0 ಇರುತ್ತೆ, 1 ಮಾಡಿ. ಎನ್‌ಎಫ್‌ಟೇಬಲ್ಸ್‌ನ (ಲಿನಕ್ಸಿನ ಫೈರ್‌ವಾಲ್) ಪೋಸ್ಟ್‌ರೂಟಿಂಗ್‌ನಲ್ಲಿ ವ್ಯಾನ್ ಕಾರ್ಡಿನಿಂದ ಹೊರಡುವುದಕ್ಕೆಲ್ಲ ಮಾಸ್ಕರೇಡ್, ಅಂದರೆ ಒಳಗಿನ ಅಡ್ರೆಸ್ಸಿಗೆ ವ್ಯಾನ್ ಅಡ್ರೆಸ್ಸಿನ ವೇಷ. ಮನೆಯವರಿಗೆ ಅಡ್ರೆಸ್ ಹಂಚೋದಕ್ಕೆ ಡಿಎನ್‌ಎಸ್‌ಮಾಸ್ಕ್ ಪ್ರೋಗ್ರಾಮು, ಅದೂ ಲ್ಯಾನ್ ಕಾರ್ಡಿಗೆ ಮಾತ್ರ.

ಎಲ್ಲ ಸರಿ ಇದ್ದೂ ಇಂಟರ್ನೆಟ್ ಬರದೇ ಕೂರೋದು ಇಲ್ಲಿ. ಲ್ಯಾನ್ ಕಾರ್ಡಿಗೆ ಅಭ್ಯಾಸಬಲದಿಂದ 192.168.1.1 ಕೊಟ್ಟಿರುತ್ತೇವೆ. ಮೋಡೆಮ್‌ನ ಅಡ್ರೆಸ್ಸೂ ಬಹಳ ಸಲ ಅದೇ. ವ್ಯಾನ್ ಕಾರ್ಡಿಗೆ 192.168.1.23 ಬರುತ್ತೆ, ಜೊತೆಗೆ ‘ಗೇಟ್‌ವೇ (ಹೊರಗೆ ಹೋಗೋ ಬಾಗಿಲು) 192.168.1.1’ ಅನ್ನೋ ಮಾತೂ ಬರುತ್ತೆ. ಆದರೆ ಆ ಅಡ್ರೆಸ್ ಈಗ ಈ ಕಂಪ್ಯೂಟರಿನದೇ! ತಾನೇ ತನಗೆ ಗೇಟ್‌ವೇ ಆಗೋಕೆ ಕರ್ನಲ್ ಒಪ್ಪಲ್ಲ, ಡೀಫಾಲ್ಟ್ ರೂಟ್ (ಇಂಟರ್ನೆಟ್ಟಿಗೆ ಹೋಗುವ ದಾರಿ) ಕೂರೋದೇ ಇಲ್ಲ. ಎರಡೂ ಕಾರ್ಡಲ್ಲಿ ಲೈಟ್ ಮಿನುಗುತ್ತೆ, ಎರಡಕ್ಕೂ ಅಡ್ರೆಸ್ ಇರುತ್ತೆ, ನೆಟ್ ಮಾತ್ರ ಇಲ್ಲ.

ಸರಿ, 1.1 ಬದಲು 1.2 ಕೊಟ್ಟರೆ? ಇನ್ನೂ ಕೆಟ್ಟದ್ದು, ಯಾಕೆಂದರೆ ಅರ್ಧಂಬರ್ಧ ಕೆಲಸ ಮಾಡುತ್ತೆ. ‘ಐಪಿ ರೂಟ್’ ಕೊಟ್ಟು ನೋಡಿ: 192.168.1.0/24 (192.168.1ರಿಂದ ಶುರುವಾಗುವ ಎಲ್ಲ ಅಡ್ರೆಸ್ಸು) ಎರಡು ಸಲ ಇರುತ್ತೆ, ಒಂದೊಂದು ಕಾರ್ಡಿಗೆ ಒಂದು. ಮನೆಯ ಫೋನ್ 192.168.1.120ಕ್ಕೆ ಉತ್ತರ ಕಳಿಸಬೇಕಾದಾಗ ಕರ್ನಲ್ ಎರಡರಲ್ಲಿ ಒಂದೇ ಸಾಲನ್ನು ನಂಬುತ್ತೆ. ಅದು ವ್ಯಾನ್ ಸಾಲಾದರೆ ಫೋನನ್ನು ಮೋಡೆಮ್ ಕಡೆ ಹುಡುಕುತ್ತೆ. ರೀಬೂಟ್ ಮಾಡಿದಾಗ ಯಾವ ಕಾರ್ಡ್ ಮೊದಲು ಎದ್ದಿತು ಅನ್ನೋದರ ಮೇಲೆ ಫಲಿತಾಂಶ ಬದಲಾಗಬಹುದು.

ಇಲ್ಲಿ ಮಾಸ್ಕರೇಡ್ ರೂಲ್ ಎಷ್ಟು ತಿದ್ದಿದರೂ ಉಪಯೋಗವಿಲ್ಲ. ಹೆಸರೇ ಹೇಳುವಂತೆ ಪೋಸ್ಟ್‌ರೂಟಿಂಗ್ ಬರೋದು ರೂಟಿಂಗ್ ಆದ ಮೇಲೆ. ದಾರಿ ಮೊದಲೇ ತಪ್ಪಿದ ಪ್ಯಾಕೆಟ್ಟನ್ನು (ಡೇಟಾದ ತುಂಡು) ಆ ರೂಲು ಸರಿದಾರಿಗೆ ತರಲ್ಲ. ಲ್ಯಾನ್ ಕಾರ್ಡಿಗೆ 192.168.50.1/24 ಕೊಡಿ, ಡಿಎನ್‌ಎಸ್‌ಮಾಸ್ಕ್‌ನಲ್ಲಿ 50.100ರಿಂದ 50.200 ಹಂಚಿ, ಮುಗೀತು. ಈಗ 50.120ರಿಂದ ಹೊರಟ ಪ್ಯಾಕೆಟ್ ವ್ಯಾನ್ ದಾಟುವಾಗ 1.23ರ ವೇಷ ಹಾಕಿಕೊಳ್ಳುತ್ತೆ, ಉತ್ತರ ಬಂದಾಗ ಕಳಚುತ್ತೆ.

ಮೋಡೆಮ್ ಅನ್ನು ಬ್ರಿಡ್ಜ್ ಮೋಡಿಗೆ (ತಾನು ರೂಟರ್ ಆಗದೆ ಸುಮ್ಮನೆ ದಾಟಿಸುವ ಸ್ಥಿತಿ) ಹಾಕಿದರೆ ಈ ಗೋಜಲೇ ಇರಲ್ಲ, ಆದರೆ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಕನೆಕ್ಷನ್) ಇರುವ ಕಡೆ ಬೇರೊಂದು ತಗಲಾಕಿಕೊಳ್ಳುತ್ತೆ. ಮಾಸ್ಕರೇಡ್ ರೂಲಿನಲ್ಲಿ ಈಥರ್ನೆಟ್ ಕಾರ್ಡಿನ ಹೆಸರಲ್ಲ, ‘ಪಿಪಿಪಿ0’ ಇರಬೇಕು. ಪಿಪಿಪಿಒಇ 8 ಬೈಟ್ ನುಂಗೋದರಿಂದ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1500 ಹೋಗಿ 1492 ಆಗುತ್ತೆ. ಪಿಂಗ್ ಹೋಗುತ್ತೆ, ಕೆಲವು ಸೈಟು ಮಾತ್ರ ಸುಮ್ಮನೆ ತಿರುಗುತ್ತಾ ಇದ್ದರೆ ಕಾರಣ ಇದೇ ಅಂತ ಮೊದಲು ಅನುಮಾನಿಸಿ. ಫಾರ್ವರ್ಡ್ ಚೈನಿನಲ್ಲಿ (ದಾಟಿಹೋಗುವ ಪ್ಯಾಕೆಟ್ಟಿನ ರೂಲುಗಳ ಪಟ್ಟಿ) ಟಿಸಿಪಿ ಎಂಎಸ್‌ಎಸ್ (ಪ್ಯಾಕೆಟ್ಟಿನೊಳಗಿನ ಡೇಟಾದ ಗರಿಷ್ಠ ಗಾತ್ರ) ಅನ್ನು 1452ಕ್ಕೆ (1492ರಲ್ಲಿ ಹೆಡರಿನ 40 ಕಳೆದು) ಇಳಿಸಿ.

ನ್ಯಾಟ್ (ಮಾಸ್ಕರೇಡ್‌ನಂಥ ಅಡ್ರೆಸ್ ಬದಲಾವಣೆ) ಇದ್ದ ಮಾತ್ರಕ್ಕೆ ಫೈರ್‌ವಾಲ್ ಆಗಲ್ಲ: ಇನ್‌ಪುಟ್ ಚೈನ್ (ಈ ಕಂಪ್ಯೂಟರಿಗೇ ಬರುವ ಪ್ಯಾಕೆಟ್ಟಿನ ರೂಲುಗಳು) ಡ್ರಾಪ್, ಅಂದರೆ ಬಂದದ್ದನ್ನು ಬಿಸಾಡುವಂತೆ, ಇರಲಿ, ನಮ್ಮ ಸಂಪರ್ಕಗಳಿಗೆ ಬರುವ ಉತ್ತರಕ್ಕೆ ದಾರಿ ಇರಲಿ. ಲ್ಯಾನ್ ಕಡೆಯಿಂದ ಯುಡಿಪಿ ಪೋರ್ಟ್ 67 (ಡಿಎಚ್‌ಸಿಪಿ) ಮತ್ತು 53 (ಸೈಟಿನ ಹೆಸರಿಗೆ ಅಡ್ರೆಸ್ ಹುಡುಕುವ ಡಿಎನ್‌ಎಸ್) ಬಿಡೋದನ್ನು ಮರೆಯಬೇಡಿ: 67 ಇಲ್ಲದಿದ್ದರೆ ಫೋನಿಗೆ ಅಡ್ರೆಸ್ಸೇ ಸಿಗಲ್ಲ, 53 ಇಲ್ಲದಿದ್ದರೆ ಹೆಸರು ಕೊಟ್ಟು ಸೈಟು ತೆರೆಯೋಕಾಗಲ್ಲ.

ವೈಫೈಗೆ ಹಳೇ ರೂಟರನ್ನೇ ಬಳಸಿ: ಅದರ ಅಡ್ರೆಸ್ 192.168.50.2, ಡಿಎಚ್‌ಸಿಪಿ ಆಫ್, ಕೇಬಲ್ ಅದರ ಲ್ಯಾನ್ ಪೋರ್ಟಿಗೆ. ವ್ಯಾನ್ ಪೋರ್ಟಿಗೆ ಚುಚ್ಚಿದರೆ ಇನ್ನೊಂದು ನ್ಯಾಟ್ ಹುಟ್ಟುತ್ತೆ. ಬಯೋಸ್‌ನಲ್ಲಿ ಕರೆಂಟ್ ಬಂದ ತಕ್ಷಣ ತಾನೇ ಆನ್ ಆಗುವ ಸೆಟ್ಟಿಂಗ್ ಹಾಕಿ, ಕೀಬೋರ್ಡ್ ಇಲ್ಲ ಅಂತ ನಿಲ್ಲೋದನ್ನೂ ತೆಗೆಯಿರಿ. 50 ವ್ಯಾಟ್ ಎಳೆಯುವ ಯಂತ್ರ 30 ದಿನಕ್ಕೆ 36 ಯೂನಿಟ್ ತಿನ್ನುತ್ತೆ. ಗ್ರಾಫಿಕ್ಸ್ ಕಾರ್ಡು, ಹಳೇ ಹಾರ್ಡ್ ಡಿಸ್ಕ್ ಕಿತ್ತು ಸಣ್ಣ ಎಸ್‌ಎಸ್‌ಡಿ ಹಾಕಿದರೆ ಸ್ವಲ್ಪವಾದರೂ ಇಳಿಯುತ್ತೆ. ಕಾರ್ಡ್ ಕಿತ್ತ ಮೇಲೆ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿದೆಯಾ ನೋಡಿಕೊಳ್ಳಿ, ಪಿಸಿಐ ಬಸ್ಸಿನ ನಂಬರು ಸಾಮಾನ್ಯವಾಗಿ ಆ ಹೆಸರಲ್ಲಿರುತ್ತೆ, ಅದು ಬದಲಾಗಬಹುದು.