ಮೇಲೆತ್ತಿದ ನೀರು, ಮೇಲೆದ್ದ ಸವಳು

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಯ ನೀರು ಬಂದ ದಾರಿಯಲ್ಲೇ ಹಿಂದಿರುಗುವುದುಂಟು. ಬ್ಯಾರೇಜ್ ಬರಿದಾಗತೊಡಗಿದರೆ ಕೆಳಗಿನ ಆಲಮಟ್ಟಿ ಅಣೆಕಟ್ಟಿನ ಹಿನ್ನೀರನ್ನು ಪಂಪುಗಳಿಂದ ಎತ್ತಿ ಮರಳಿ ತುಂಬಿಸುವ ರೂಢಿ ಇಲ್ಲಿದೆ. ಅದೂ ರೈತರೇ ದುಡ್ಡು ಕೂಡಿಸಿ. ಬಾಗಲಕೋಟೆ ಸೀಮೆಯಲ್ಲಿ ಹೊಳೆ ತಗ್ಗಿನಲ್ಲಿದೆ, ಹೊಲ ದಿನ್ನೆಯ ಮೇಲಿದೆ. ನಡುವಿನ ಏರನ್ನು ನೀರಿಗೆ ಯಾರಾದರೂ ಹತ್ತಿಸಬೇಕು.

ಮೊದಲು ಅದನ್ನು ಎತ್ತುಗಳು ಮಾಡುತ್ತಿದ್ದವು. ಬಾವಿಯಿಂದ ನೀರೆತ್ತುವ ಕಪಿಲೆಗೆ ಹೂಡಿದ ಜೋಡಿ ದಣಿದಲ್ಲಿಗೆ ನೀರಾವರಿಯೂ ನಿಲ್ಲುತ್ತಿತ್ತು. ಹಾಗಾಗಿ ಬಾವಿಯ ಸುತ್ತಲಿನ ತುಂಡು ತೋಟ ಬಿಟ್ಟರೆ ಉಳಿದ ಕರಿಮಣ್ಣಿನ ಎರೆಹೊಲವೆಲ್ಲ ಹಿಂಗಾರಿಯದು: ಬಿಳಿಜೋಳ, ಕಡಲೆ, ಕುಸುಬೆ. ಮಳೆಗಾಲದಲ್ಲಿ ಮಣ್ಣು ಹೀರಿಟ್ಟುಕೊಂಡ ತೇವದಲ್ಲೇ ಬೆಳೆ ಬರಬೇಕು. ಒಡ್ಡು ಹಾಕುವುದು, ಮಡಿ ಕಟ್ಟಿ ಮಳೆನೀರನ್ನು ಅಲ್ಲಲ್ಲೇ ಇಂಗಿಸುವುದು ಆ ಕಾಲದ ತಂತ್ರಜ್ಞಾನ. ಅದಕ್ಕೆ ಆ ಹೆಸರು ಕೊಡಲು ನಮಗೆ ಯಾಕೋ ಸಂಕೋಚ.

ಡೀಸೆಲ್ ಎಂಜಿನ್, ವಿದ್ಯುತ್ ಮೋಟಾರು ಬಂದ ಮೇಲೆ ಲೆಕ್ಕ ಬದಲಾಯಿತು. ಆಲಮಟ್ಟಿಗೆ 1964ರಲ್ಲೇ ಅಡಿಗಲ್ಲು ಬಿದ್ದಿತ್ತಾದರೂ ಕೆಲಸ ದಶಕಗಟ್ಟಲೆ ಎಳೆಯಿತು. ಕಾಯ್ದು ಸಾಕಾದ ಜಮಖಂಡಿಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ವಂತಿಗೆ ಎತ್ತಿ, ತಾವೇ ದುಡಿದು, 1989ರಲ್ಲಿ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಾಯಿತು. ಎರಡು ವರ್ಷ ಕಳೆಯುವುದರೊಳಗೆ ಜನ ನ್ಯಾಮಗೌಡರನ್ನು ಲೋಕಸಭೆಗೆ ಕಳಿಸಿದರು. ಸೋತವರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ! ಆಲಮಟ್ಟಿಯಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ ಒಪ್ಪಿದ್ದು 2000ದಲ್ಲಿ. ಆಮೇಲೆ ಅಲ್ಲಿ 290 ಮೆಗಾವಾಟ್‌ನ ವಿದ್ಯುತ್ ಘಟಕವೂ ಬಂತು. ಕೆಳಗಿಳಿಯುವ ನೀರು ಕರೆಂಟು ಕೊಡುತ್ತದೆ, ಮೇಲೇರುವ ನೀರು ಅದನ್ನೇ ತಿನ್ನುತ್ತದೆ.

ನೀರು ಕೈಗೆ ಸಿಕ್ಕಿದೊಡನೆ ಕಬ್ಬು ಬಂತು, ಹಿಂದೆಯೇ ಕಾರ್ಖಾನೆಗಳು. 2008ರಿಂದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ನೀರು ಅತಿಯಾಗಿ ಹರಿದದ್ದಕ್ಕೆ ರೈತನನ್ನಷ್ಟೇ ದೂರುವುದು ಸುಲಭ, ಆದರೆ ನ್ಯಾಯವಲ್ಲ. ಪಂಪು ಓಡಿಸುವ ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೋ, ಎಷ್ಟು ಸಲ ಹೋಗುತ್ತದೋ ಎಂಬ ಅನುಮಾನದಲ್ಲಿ ಕರೆಂಟು ಬಂದೊಡನೆ ಮೋಟಾರನ್ನು ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರ್ ಕೂಡಿಸಿ ಮಲಗುವವನು ಕಬ್ಬಿಗೆ ಎಷ್ಟು ನೀರು ಬೇಕೆಂದು ಅಳೆಯುವುದು ಹೇಗೆ? ಕರೆಂಟು ಇರುವಷ್ಟು ಹೊತ್ತೂ ನೀರು ಹರಿಯುತ್ತದೆ.

ಎರೆಮಣ್ಣು ನೀರನ್ನು ಬೇಗ ಬಸಿದುಕೊಡುವುದಿಲ್ಲ. ಜೋಳಕ್ಕೆ ವರವಾಗಿದ್ದ ಗುಣವೇ ಇಲ್ಲಿ ಮುಳುವಾಯಿತು. ಹೆಚ್ಚಾದ ನೀರು ಕೆಳಗೆ ಸೇರಿ, ಅಂತರ್ಜಲ ಬೇರಿನ ಮಟ್ಟಕ್ಕೆ ಏರಿ, ಮಣ್ಣಿನ ಉಪ್ಪನ್ನು ಮೇಲಕ್ಕೆ ತರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಕರಿಹೊಲದಲ್ಲಿ ಬೆಳ್ಳನೆಯ ಪದರು ಕಾಣಿಸಿಕೊಂಡಾಗ ಜನ ಅದನ್ನು ಸವಳು ಎನ್ನುತ್ತಾರೆ. ನೀರು ನಿಂತು ಜೌಗಾದರೆ ಜವಳು.

ಮದ್ದೆಂದು ಬಂದದ್ದು ಹನಿ ನೀರಾವರಿ. ಹುನಗುಂದ ತಾಲ್ಲೂಕಿನ ರಾಮಥಾಳ ಯೋಜನೆ ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಸುಮಾರು 24 ಸಾವಿರ ಹೆಕ್ಟೇರಿಗೆ ಕೊಳವೆಯಲ್ಲೇ ಹಂಚಲು ಹೊರಟಿತು. ನೀರಿನ ಲೆಕ್ಕದಲ್ಲಿ ಇದು ಒಳ್ಳೆಯ ಯೋಚನೆ. ಆದರೆ ಹನಿ ಬೀಳಲೂ ಒತ್ತಡ ಬೇಕು, ಒತ್ತಡಕ್ಕೆ ಕರೆಂಟು. ಫಿಲ್ಟರ್ ತೊಳೆಯಬೇಕು, ಕುಂಟೆ ಹೊಡೆಯುವಾಗ ಪೈಪು ಕಾಯಬೇಕು, ಒಂದೇ ವಾಲ್ವಿನ ನೆರೆಹೊರೆಯವರು ಪಾಳಿಗೆ ಒಪ್ಪಬೇಕು. ಕೊನೆಯದು ಯಾವ ಟೆಂಡರಿನಲ್ಲೂ ಬರುವುದಿಲ್ಲ.

ಕೇಂದ್ರ ಸರ್ಕಾರದ 2019ರ ಕುಸುಮ್ ಯೋಜನೆ ಸೌರ ಪಂಪ್ ತಂದಿತು. ರಾತ್ರಿ ಹಾವು ಚೇಳಿನ ನಡುವೆ ನೀರು ಹಾಯಿಸುವುದು ತಪ್ಪುವುದಾದರೆ ಅದೇ ದೊಡ್ಡದು. ಆದರೆ ಸೂರ್ಯನೂ ಬಿಲ್ ಕಳಿಸುವುದಿಲ್ಲ, ಮೋಟಾರು ನಿಲ್ಲಿಸಲು ಕಾರಣವೂ ಇರುವುದಿಲ್ಲ.

ಕೆಟ್ಟ ಹೊಲಕ್ಕೆ ಈಗ ಹೇಳುವ ಚಿಕಿತ್ಸೆ, ನೆಲದಡಿ ತೂತಿನ ಪೈಪು ಹೂತು ಉಪ್ಪುನೀರನ್ನು ಬಸಿಯುವುದು. ಹೊಲ ಹಳ್ಳಕ್ಕಿಂತ ಎತ್ತರದಲ್ಲಿದ್ದರೆ ಅದು ತಾನಾಗಿ ಇಳಿದುಹೋಗುತ್ತದೆ. ತಗ್ಗಿನ ಹೊಲವಾದರೆ ಆ ನೀರನ್ನು ಎತ್ತಿ ಹೊರಹಾಕಲು ಇನ್ನೊಂದು ಪಂಪು ಕೂಡಿಸಬೇಕು.