ಅಡಿಕೆ ಆದಾಯ ತೋರಿಸದೆ ಐಟಿ ರಿಟರ್ನ್ ಹಾಕಿಬಿಟ್ಟಿದ್ದೇನೆ, ಈಗ ತಿದ್ದಬಹುದೇ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹೈಸ್ಕೂಲ್ ಮೇಷ್ಟ್ರು. 2024–25ರ ಸಂಬಳಕ್ಕೆ ಜುಲೈನಲ್ಲೇ ಐಟಿಆರ್-1 ಹಾಕಿದೆ, ಸಣ್ಣ ರಿಫಂಡೂ ಬಂತು. ನನ್ನ ಹೆಸರಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟವಿದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ ಎಂದು ಅದನ್ನು ತೋರಿಸಲಿಲ್ಲ. ಸೊಸೈಟಿಯಲ್ಲಿಟ್ಟ ಠೇವಣಿಯ ಬಡ್ಡಿಯೂ ಬಿಟ್ಟುಹೋಗಿದೆ. ಸರಿಪಡಿಸುವುದು ಹೇಗೆ?

ಉತ್ತರ: ಸರಿಪಡಿಸಬಹುದು. ರಿಫಂಡ್ ಕೈಸೇರಿದ್ದರೂ, ರಿಟರ್ನ್ ಪರಿಶೀಲಿಸುವ ಬೆಂಗಳೂರಿನ ಕೇಂದ್ರವಾದ ಸಿಪಿಸಿಯಿಂದ 143(1)ರ ಇಂಟಿಮೇಶನ್ (ಲೆಕ್ಕ ನೋಡಿ ಕಳಿಸುವ ತಿಳಿವಳಿಕೆ ಪತ್ರ) ಬಂದಿದ್ದರೂ ಅಡ್ಡಿಯಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 139(5)ನೇ ಸೆಕ್ಷನ್ ಅಡಿ ರಿವೈಸ್ಡ್ ರಿಟರ್ನ್ ಹಾಕಬೇಕು. 2024–25ರ ಆದಾಯಕ್ಕೆ ಅದರ ಕೊನೆಯ ದಿನ 2025ರ ಡಿಸೆಂಬರ್ 31; ಅದು ದಾಟಿದ್ದರೆ ಕೊನೆಯಲ್ಲಿ ಹೇಳಿರುವ ಅಪ್‌ಡೇಟೆಡ್ ರಿಟರ್ನ್ ನೋಡಿ. ಇಷ್ಟೇ ಸಲ ತಿದ್ದಬೇಕೆಂಬ ಮಿತಿ ಇಲ್ಲ, ತಿದ್ದಿದ್ದಕ್ಕೆ ಶುಲ್ಕವೂ ಇಲ್ಲ.

ಮಲೆನಾಡಿನ ನೌಕರರ ಮನೆಗಳಲ್ಲಿ ಈ ತಪ್ಪು ಬಹಳ ಸಾಮಾನ್ಯ. ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲ ಎಂಬುದು ನಿಜ, ತೋರಿಸುವುದೇ ಬೇಡ ಎಂಬುದು ಸುಳ್ಳು. ನಿವ್ವಳ ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ನಿಮ್ಮ ಫಾರಂ ಅಲ್ಲ, ಐಟಿಆರ್-2 ಬೇಕು. ಅದೂ ಅಲ್ಲದೆ, ಆ ಆದಾಯವನ್ನು ನಿಮ್ಮ ಸಂಬಳಕ್ಕೆ ಯಾವ ದರ ಬೀಳಬೇಕೆಂದು ನಿರ್ಧರಿಸಲು ಸೇರಿಸಿಕೊಳ್ಳುತ್ತಾರೆ.

ಲೆಕ್ಕ ನೋಡಿ. 2024–25ರ ಹೊಸ ತೆರಿಗೆ ಪದ್ಧತಿಯ ದರಗಳಲ್ಲಿ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಬಡ್ಡಿಯನ್ನೂ ಸೇರಿಸಿ ನಿಮ್ಮ ತೆರಿಗೆಯ ಆದಾಯ 8 ಲಕ್ಷ ಎಂದುಕೊಳ್ಳಿ. ಅದಕ್ಕಷ್ಟೇ ತೆರಿಗೆ 30,000. ತೋಟದ ನಿವ್ವಳ 4 ಲಕ್ಷ ಇದ್ದರೆ ಮೊದಲು ಒಟ್ಟು 12 ಲಕ್ಷಕ್ಕೆ ತೆರಿಗೆ ಲೆಕ್ಕ ಹಾಕುತ್ತಾರೆ: 80,000. ಆಮೇಲೆ ಕೃಷಿಯ 4 ಲಕ್ಷಕ್ಕೆ ವಿನಾಯಿತಿ ಮಿತಿಯ 3 ಲಕ್ಷ ಕೂಡಿಸಿ, ಆ 7 ಲಕ್ಷದ ಮೇಲಿನ 20,000 ತೆರಿಗೆಯನ್ನು ಕಳೆಯುತ್ತಾರೆ. ಉಳಿಯುವುದು 60,000. ಅಂದರೆ ಹೆಚ್ಚುವರಿ 30,000, ಶೇ 4ರ ಸೆಸ್ ಸೇರಿ 31,200. ತೆರಿಗೆಯೇ ಇಲ್ಲದ ಆದಾಯ ಬರೆಯದಿದ್ದರೆ ಏನು ಮಹಾ ಎನ್ನುವವರಿಗೆ ಈ 31,200 ಸಾಕು.

ತೋಟದ ಆದಾಯ ಎಂದರೆ ಯಾವುದು? ಗೃಹಸ್ಥರು ಸಾಮಾನ್ಯವಾಗಿ ದುಡ್ಡು ಬಂದಾಗ ಬರೆಯುವ ಲೆಕ್ಕವನ್ನೇ ಇಡುವುದರಿಂದ, ಕೊಯ್ಲಾದ ವರ್ಷವಲ್ಲ, 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರೊಳಗೆ ಮಾರಿ ಬಂದ ಹಣ. ಮಂಡಿಯ ಪಟ್ಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಅಡಿಕೆ ಇಟ್ಟು ತಂದ ಮುಂಗಡ ಸಾಲ, ಅದು ಆದಾಯವಲ್ಲ. ಪಟ್ಟಿಯ ಮೊತ್ತದಿಂದ ಕೊನೆಗಾರನ ಕೂಲಿ, ಸುಲಿಸಿದ ಖರ್ಚು, ಗೊಬ್ಬರ, ಕೊಳೆ ಔಷಧಿಗೆ ತಂದ ಮೈಲುತುತ್ತ ಮತ್ತು ಸುಣ್ಣ ಎಲ್ಲ ಕಳೆಯಬಹುದು. ಐಟಿಆರ್-2ರ ಇಐ (ವಿನಾಯಿತಿ ಆದಾಯದ) ಶೆಡ್ಯೂಲಿನಲ್ಲಿ ಒಟ್ಟು ಜಮೆ, ಖರ್ಚು ಬೇರೆ ಬೇರೆ ಕೇಳುತ್ತಾರೆ. ತೋಟ ಅಪ್ಪನ ಹೆಸರಿನಲ್ಲಿದ್ದು ಹಣವೂ ಅವರಿಗೇ ಹೋದರೆ ನಿಮ್ಮ ರಿಟರ್ನಿನಲ್ಲಿ ಬರೆಯುವಂತಿಲ್ಲ. ಬೇರೆಯವರ ತೋಟ ಚೇಣಿಗೆ ಹಿಡಿದು (ಮರದ ಮೇಲಿನ ಫಸಲನ್ನಷ್ಟೇ ಕೊಂಡು) ಮಾಡಿದ ಲಾಭ ವ್ಯಾಪಾರದ ಆದಾಯ, ಅದು ಕೃಷಿ ಆದಾಯ ಆಗುವುದಿಲ್ಲ.

ನಿವ್ವಳ 5 ಲಕ್ಷ ದಾಟಿದರೆ ಜಮೀನಿನ ವಿವರವೂ ಬೇಕು: ಜಿಲ್ಲೆ, ಪಿನ್‌ಕೋಡ್, ವಿಸ್ತೀರ್ಣ, ಸ್ವಂತದ್ದೋ ಗೇಣಿಯದೋ, ನೀರಾವರಿಯೋ ಮಳೆಯಾಶ್ರಿತವೋ. ಪಹಣಿಯಲ್ಲಿರುವುದು ಎಕರೆ-ಗುಂಟೆ, ಫಾರಂ ಕೇಳುವುದು ಎಕರೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2.20 ಎಂದು ಬರೆಯಬೇಡಿ, 40 ಗುಂಟೆಗೆ ಒಂದು ಎಕರೆ, ಹಾಗಾಗಿ 2.50.

ಬಡ್ಡಿಯ ವಿಷಯ ಸರಳ. ಸೊಸೈಟಿಯವರು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದಿಲ್ಲ, ಇಲಾಖೆಯ ಬಳಿಯಿರುವ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಕಾಣುತ್ತಿಲ್ಲ ಎಂಬ ಕಾರಣಕ್ಕೆ ಅದು ಆದಾಯವಲ್ಲ ಎಂದಾಗದು. ಪಾಸ್‌ಬುಕ್ ನೋಡಿ ಇತರ ಮೂಲಗಳ ಆದಾಯದಲ್ಲಿ ಸೇರಿಸಿ.

ಇನ್ನು ಪೋರ್ಟಲ್. ಹಳೆಯ ರಿಟರ್ನಿನ ಸ್ವೀಕೃತಿ ಪತ್ರವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅದರ 15 ಅಂಕಿಯ ಸ್ವೀಕೃತಿ ಸಂಖ್ಯೆ ಮತ್ತು ಸಲ್ಲಿಸಿದ ದಿನಾಂಕ ಬೇಕೇಬೇಕು. ಇ-ಫೈಲ್‌ನಲ್ಲಿ 2025–26ರ ಅಸೆಸ್‌ಮೆಂಟ್ ವರ್ಷಕ್ಕೆ (ಆದಾಯ ಬಂದ ವರ್ಷದ ಮರುವರ್ಷ) ಹೊಸದಾಗಿ ಐಟಿಆರ್-2 ತೆರೆದು, ಫೈಲಿಂಗ್ ಸೆಕ್ಷನ್ ಕಡೆ 139(1) (ಮೊದಲ ಸಲದ ರಿಟರ್ನ್) ಬದಲು 139(5) ಆರಿಸಿ. ಮೊದಲು ಐಟಿಆರ್-1 ಹಾಕಿದ್ದೇ ಆದರೂ ತಿದ್ದುವಾಗ ಫಾರಂ ಬದಲಿಸಬಹುದು. ತಪ್ಪಿದ್ದನ್ನು ಮಾತ್ರ ತುಂಬಿದರೆ ಸಾಲದು, ರಿವೈಸ್ಡ್ ರಿಟರ್ನ್ ಹಳೆಯದರ ಜಾಗಕ್ಕೇ ಬರುವುದರಿಂದ ಸಂಬಳ, ಟಿಡಿಎಸ್ ಸೇರಿ ಎಲ್ಲವನ್ನೂ ಪೂರ್ತಿ ತುಂಬಬೇಕು.

ಬಾಕಿ ತೆರಿಗೆಯನ್ನು ಇ-ಪೇ ಟ್ಯಾಕ್ಸ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್ (300) ಎಂದು ಕಟ್ಟಿ, ಚಲನ್‌ನ ಬಿಎಸ್‌ಆರ್ ಕೋಡ್ (ಬ್ಯಾಂಕ್ ಶಾಖೆಯ ಸಂಖ್ಯೆ), ಚಲನ್ ಸಂಖ್ಯೆ, ದಿನಾಂಕ ನಮೂದಿಸಿ. ಇಲ್ಲಿ ಜನ ಎಡವುವುದು ವರ್ಷದಲ್ಲಿ: 2024–25ರ ಆದಾಯಕ್ಕೆ ಅಸೆಸ್‌ಮೆಂಟ್ ವರ್ಷ 2025–26. ತಪ್ಪು ವರ್ಷಕ್ಕೆ ಕಟ್ಟಿದ ಹಣ ಈ ರಿಟರ್ನಿಗೆ ಸೇರುವುದಿಲ್ಲ. ಕೊರತೆ 10,000 ಮುಟ್ಟಿದರೆ ತಿಂಗಳಿಗೆ ಶೇ 1ರಂತೆ 234ಬಿ ಬಡ್ಡಿ (ಮುಂಗಡ ತೆರಿಗೆ ಕಟ್ಟದ್ದಕ್ಕೆ), ಜೊತೆಗೆ 234ಸಿ ಬಡ್ಡಿಯೂ (ಅದರ ಕಂತುಗಳು ತಪ್ಪಿದ್ದಕ್ಕೆ) ಬೀಳುತ್ತದೆ, ಫಾರಂ ತಾನೇ ಲೆಕ್ಕ ಹಾಕುತ್ತದೆ. ಮೊದಲು ಬಂದ ರಿಫಂಡನ್ನೂ ವಾಪಸ್ ಕಟ್ಟಬೇಕಾಗಿ ಬರುತ್ತದೆ, ಅದನ್ನು ಖರ್ಚು ಮಾಡದೆ ಇಟ್ಟುಕೊಳ್ಳಿ.

ಸಲ್ಲಿಸಿದ ಮೇಲೆ 30 ದಿನದೊಳಗೆ ಆಧಾರ್ ಒಟಿಪಿಯಿಂದಲೋ ನೆಟ್ ಬ್ಯಾಂಕಿಂಗ್‌ನಿಂದಲೋ ಇ-ವೆರಿಫೈ ಮಾಡಿ. ಆಗಲಿಲ್ಲವೆಂದರೆ ತಿದ್ದುಪಡಿ ಸಲ್ಲಿಕೆಯೇ ಆಗಿಲ್ಲ ಎಂದರ್ಥ, ಹಳೆಯ ತಪ್ಪು ರಿಟರ್ನೇ ಊರ್ಜಿತ. ಡಿಸೆಂಬರ್ ಕೊನೆಯ ವಾರದಲ್ಲಿ ಮಳೆ-ಗಾಳಿಯ ಕಾಟ ಇಲ್ಲದಿದ್ದರೂ ಪೋರ್ಟಲ್ ಎಳೆದಾಡುವುದು ಉಂಟು, ಅದಕ್ಕೇ ಮುಂಚೆಯೇ ಮುಗಿಸಿ.

ಡಿಸೆಂಬರ್ ದಾಟಿದರೆ ಉಳಿಯುವುದು 139(8ಎ) ಅಪ್‌ಡೇಟೆಡ್ ರಿಟರ್ನ್. ಅದಕ್ಕೆ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 48 ತಿಂಗಳ ಅವಕಾಶವಿದೆ, ಆದರೆ ದುಬಾರಿ. ಬಾಕಿ ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ 12 ತಿಂಗಳಲ್ಲಿ ಶೇ 25, ಎರಡನೇ ವರ್ಷ ಶೇ 50, ಮೂರನೆಯದರಲ್ಲಿ ಶೇ 60, ನಾಲ್ಕನೆಯದರಲ್ಲಿ ಶೇ 70 ಹೆಚ್ಚುವರಿ ತೆರಬೇಕು. ತೆರಿಗೆ ಕಡಿಮೆ ಮಾಡಿಸಿಕೊಳ್ಳಲು, ರಿಫಂಡ್ ಹೆಚ್ಚಿಸಿಕೊಳ್ಳಲು ಅದನ್ನು ಬಳಸುವಂತಿಲ್ಲ.